ಮುಯ್ಯಿಗೆ ಹೋದ ಎತ್ತು

ನವಲಗುಂದದಿಂದ ಅಣ್ಣಿಗೇರಿಯತ್ತ ಹೋಗುವ ದಾರಿಯ ಎಡಬಲಗಳಲ್ಲಿ ಕಣ್ಣು ಹರಿಯುವಷ್ಟು ದೂರ ಹಾಸಿಕೊಂಡಿರುವ ಎರೆಯ ಭೂಮಿಯಲ್ಲಿ, ಹೆಸರಿನ ಒಕ್ಕಣೆ ಮುಗಿದು, ಸೀಗಿ ಹುಣ್ಣಿಮೆಯ ಹಿಂದುಮುಂದಿನ ಮಳೆಯಿಂದ ನೆಲಕ್ಕೆ ಹದ ಬಂದು, ಕಡಲೆಯ ಬಿತ್ತಿಗೆಗಾಗಿ ಊರಿಗೆ ಊರೇ ಹೊಲ ಸೇರಿದ್ದ ಒಂದು ದಿನದ ಇಳಿಹೊತ್ತಿನಲ್ಲಿ, ಇಬ್ಬರು ಬದುವಿನ ಮೇಲಿನ ಬನ್ನಿಗಿಡದ ನೆರಳಿನಲ್ಲಿ ಕುಳಿತಿದ್ದರು. ಒಬ್ಬರು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ, ನಿವೃತ್ತಿಯ ಬಳಿಕ ಮನೆತನದ ಒಕ್ಕಲುತನಕ್ಕೆ ಮರಳಿದ ಹಿರಿಯರು. ಇನ್ನೊಬ್ಬನು ಬೆಂಗಳೂರಿನಲ್ಲಿ ಉದ್ಯೋಗ ಹಿಡಿದು, ಹಬ್ಬಕ್ಕೆಂದು ಊರಿಗೆ ಬಂದ, ಅವರ ಅಣ್ಣನ ಮಗ. ಪಕ್ಕದ ಹೊಲದವನ ಜೋಡಿಯಲ್ಲಿ ಒಂದು ಎತ್ತು ಕುಂಟಲಾರಂಭಿಸಿದ್ದರಿಂದ, ಹಿರಿಯರು ತಮ್ಮ ಕಿಲಾರಿ ಜೋಡಿಯಲ್ಲಿ ಒಂದನ್ನು ಅವನಿಗೆ ಮುಯ್ಯಿಗೆ ಕೊಟ್ಟಿದ್ದರು. ಅದು ಈಗ ಅವರ ಕಣ್ಣೆದುರಿಗೇ, ಪರರ ನೊಗದಲ್ಲಿ, ಪರರ ಎತ್ತಿನ ಜೊತೆಗೆ, ಪರರ ಕೂರಿಗೆಯನ್ನು ಎಳೆಯುತ್ತಿತ್ತು.

ಕಿರಿಯ: ಕಾಕಾ, ಒಂದು ತಾಸಿನಿಂದ ನಿಮ್ಮನ್ನೇ ಗಮನಿಸುತ್ತಿದ್ದೇನೆ. ಅಲ್ಲಿ ಬಿತ್ತಿಗೆ ನಡೆದಿದೆ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಿರುವ ಆ ಅಕ್ಕನ ಕೈ ಹದವಾಗಿದೆಯೋ, ಸಾಲು ನೆಟ್ಟಗೆ ಹೋಗುತ್ತಿದೆಯೋ, ಕಾಳು ಹಸಿಯನ್ನು ಮುಟ್ಟುತ್ತಿದೆಯೋ ಎಂಬುದೊಂದನ್ನೂ ನೀವು ನೋಡಿದಂತಿಲ್ಲ. ನಿಮ್ಮ ದೃಷ್ಟಿಯನ್ನು ಯಾರೋ ನಿಮ್ಮ ಎತ್ತಿನ ಕಾಲಿಗೆ ಮಿಣಿಯಿಂದ ಕಟ್ಟಿದಂತಿದೆ.

ಹಿರಿಯ: ಹೊಲ ಅವನದು, ಅದನ್ನು ಅವನು ನೋಡಿಕೊಂಡಾನು, ಎತ್ತು ನನ್ನದು, ಅದನ್ನು ನಾನಲ್ಲದೆ ಇನ್ನಾರು ನೋಡಬೇಕು ತಮ್ಮಾ? ಮನೆಯಲ್ಲಿ ಅದು ಬಲಕ್ಕೆ ನಡೆಯುವ ಎತ್ತು. ಇವನು ಎಡಕ್ಕೆ ಹೂಡಿದ್ದಾನೆ. ಜೊತೆಗಿರುವುದು ಉದ್ದ ಹೆಜ್ಜೆಯದು, ನನ್ನದು ಗಿಡ್ಡ ಹೆಜ್ಜೆಯದು. ಸಾಲಿನ ಕೊನೆಯಲ್ಲಿ ತಿರುಗುವಾಗ ನೊಗ ಓರೆಯಾಗಿ, ಹೆಗಲಿನ ಒಂದೇ ಮಗ್ಗುಲಿಗೆ ಭಾರ ಬೀಳುವುದು ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಅಗೋ, ನೋಡು, ಕತ್ತು ಕೊಡವಿತು. ನೀನು ನಗುವುದೇಕೆ?

ಕಿರಿಯ: ನನ್ನನ್ನೇ ನಾನು ಕಂಡಂತಾಗಿ ನಗು ಬಂದಿತು. ಬೆಂಗಳೂರಿನಲ್ಲಿ ರಜೆಯ ಸಂಜೆಗಳಲ್ಲಿ ನಾನು ಕಂಠೀರವ ಕ್ರೀಡಾಂಗಣಕ್ಕೆ ಹೋಗುವುದು ನಿಮಗೆ ಗೊತ್ತೇ ಇದೆ. 2013ರಲ್ಲಿ ಹುಟ್ಟಿ, ಆಡಿದ ಮೊದಲನೆಯ ವರ್ಷವೇ ಐ-ಲೀಗನ್ನು ಗೆದ್ದ ಬೆಂಗಳೂರು ಎಫ್‌ಸಿ ನನ್ನ ಕ್ಲಬ್ಬು; ಪಡುವಣ ಕಟ್ಟೆಯಲ್ಲಿ ನೀಲಿ ಅಂಗಿ ತೊಟ್ಟು, ತೊಂಬತ್ತು ನಿಮಿಷವೂ ನಿಂತೇ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಬಳಗದಲ್ಲಿ ನಾನೂ ಒಬ್ಬ. ನಮ್ಮ ಆಟಗಾರರು ಭಾರತ ತಂಡಕ್ಕಾಗಿ ಸೌಹಾರ್ದ ಪಂದ್ಯ ಆಡಲು ಹೋದಾಗಲೆಲ್ಲ ನಾನು ಪಂದ್ಯವನ್ನು ನೋಡುವುದೇ ಇಲ್ಲ, ಕಾಕಾ, ನಮ್ಮವರನ್ನಷ್ಟೇ ನೋಡುತ್ತೇನೆ. ಭಾರತ ಗೆದ್ದಿತೋ ಸೋತಿತೋ ಎಂಬುದಕ್ಕಿಂತ ಮೊದಲು, ನಮ್ಮವರು ಹೇಗೆ ಆಡಿದರು, ಗಾಯವಿಲ್ಲದೆ ಹೊರಬಂದರೋ ಇಲ್ಲವೋ ಎಂಬುದೇ ನನ್ನ ಬಳಗದ ಪ್ರಶ್ನೆ.

ಹಿರಿಯ: ಸೌಹಾರ್ದ ಪಂದ್ಯವೆಂದರೆ ಗೆಲುವು ಸೋಲಿನ ಲೆಕ್ಕವಿಲ್ಲದ ಆಟವೆಂದು ಪತ್ರಿಕೆಯಲ್ಲಿ ಓದಿದ ನೆನಪು. ಲೆಕ್ಕವಿಲ್ಲದ ಆಟಕ್ಕೆ ಇಷ್ಟು ವಿಚಾರಣೆಯೇ?

ಕಿರಿಯ: ಲೆಕ್ಕ ಇಲ್ಲವೆನ್ನುವಂತಿಲ್ಲ, ಕಡಿಮೆ ಎನ್ನಬೇಕು. 2018ರಿಂದ ಫಿಫಾ ಸಂಸ್ಥೆ ದೇಶಗಳ ಸ್ಥಾನವನ್ನು ಎಣಿಸುವ ಸೂತ್ರದಲ್ಲಿ, ಗೊತ್ತುಪಡಿಸಿದ ದಿನಗಳಲ್ಲಿ ಆಡಿದ ಸೌಹಾರ್ದ ಪಂದ್ಯಕ್ಕೆ 10ರ ತೂಕ, ವಿಶ್ವಕಪ್ಪಿನ ಅರ್ಹತಾ ಪಂದ್ಯಕ್ಕೆ 25ರ ತೂಕ, ವಿಶ್ವಕಪ್ಪಿನ ಕೊನೆಯ ಸುತ್ತುಗಳಿಗೆ 60ರ ತೂಕ. ತೂಕ ಹಗುರವಾದುದರಿಂದಲೇ ತರಬೇತುದಾರನಿಗೆ ಕೈ ಸಡಿಲ: ಹೊಸಬರನ್ನು ಇಳಿಸುತ್ತಾನೆ, ಬಲಗಡೆ ಆಡುವವನನ್ನು ನಡುವೆ ನಿಲ್ಲಿಸಿ ನೋಡುತ್ತಾನೆ, ಒಬ್ಬರ ಬದಲು ಇನ್ನೊಬ್ಬರನ್ನು ಧಾರಾಳವಾಗಿ ಕಳಿಸುತ್ತಾನೆ.

ಹಿರಿಯ: ಹಾಗಾದರೆ ಅದು ತಾಲೀಮು ಎನ್ನು. ನಮ್ಮೂರಿನ ಸಣ್ಣಾಟದವರು ಜಾತ್ರೆಗೆ ತಿಂಗಳೊಪ್ಪತ್ತು ಮುಂಚೆ ತಾಲೀಮು ನಡೆಸುವಾಗ, ಸ್ತ್ರೀಪಾತ್ರದವನಿಗೆ ದೂತನ ಮಾತು ಕೊಟ್ಟು, ಅವನ ಕಂಠ ಎಲ್ಲಿಗೆ ಏರುತ್ತದೆಂದು ಮಾಸ್ತರನು ಪರೀಕ್ಷಿಸುವುದುಂಟು. ಆ ಹೊತ್ತಿನಲ್ಲಿ ಕಿಟಕಿಯಿಂದ ಇಣುಕಿ ನೋಡಿದವನು, ಇವನಿಂದ ಆಟ ಕೆಟ್ಟಿತು ಎಂದು ಊರೆಲ್ಲ ಸಾರಿಕೊಂಡು ಬಂದರೆ ಅದನ್ನು ವಿಮರ್ಶೆ ಎನ್ನಲಾದೀತೇ?

ಕಿರಿಯ: ಅಂಥ ಇಣುಕುನೋಟದವನೇ ನಾನು, ಕೆಟ್ಟಿತೆಂದು ಮಾತ್ರವಲ್ಲ, ಒಳ್ಳೆಯದಾಯಿತೆಂದೂ ಸಾರಿದವನು. 2025ರ ಮಾರ್ಚ್ 19ರಂದು ಶಿಲ್ಲಾಂಗಿನಲ್ಲಿ ಭಾರತಕ್ಕೂ ಮಾಲ್ದೀವ್ಸಿಗೂ ಸೌಹಾರ್ದ ಪಂದ್ಯ ನಡೆಯಿತು. ಹಿಂದಿನ ವರ್ಷದ ಜೂನಿನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ್ದ ನಮ್ಮ ಸುನೀಲ್ ಛೆಟ್ರಿಯವರು, ನಲವತ್ತರ ವಯಸ್ಸಿನಲ್ಲಿ ಕರೆ ಬಂದಿತೆಂದು ಮರಳಿ ದೇಶದ ಅಂಗಿ ತೊಟ್ಟಿದ್ದರು. 2023ರ ನವೆಂಬರಿನಲ್ಲಿ ಕುವೈತನ್ನು ಸೋಲಿಸಿದ ಮೇಲೆ ಒಂದು ಗೆಲುವನ್ನೂ ಕಾಣದಿದ್ದ ಭಾರತ ಅಂದು 3–0ರಿಂದ ಗೆದ್ದಿತು. ಮೊದಲ ಗೋಲು ನಮ್ಮ ರಾಹುಲ್ ಭೇಕೆಯದು, ಮೂರನೆಯದು ಛೆಟ್ರಿಯವರದು. ನಮ್ಮ ಬಳಗದಲ್ಲಿ ಆ ರಾತ್ರಿ ಗಣಿತವೇ ಬದಲಾಗಿ, ಭಾರತ ಮೂರು ಗೋಲು ಹೊಡೆಯಿತೆಂದು ಯಾರೂ ಹೇಳಲಿಲ್ಲ. ಬೆಂಗಳೂರು ಎರಡು ಹೊಡೆಯಿತು ಎಂದರು.

ಹಿರಿಯ: ಎರಡನೆಯ ಗೋಲು?

ಕಿರಿಯ: ಲಿಸ್ಟನ್ ಕೊಲಾಸೊ ಹೊಡೆದದ್ದು. ಅವನು ಮೋಹನ್ ಬಾಗಾನಿನವನು. ಆದುದರಿಂದ ನಮ್ಮ ಕಣ್ಣಿಗೆ ಬೀಳಲಿಲ್ಲ. ಆದರೆ ಕೇಳಿ, ಆರೇ ದಿನಗಳ ತರುವಾಯ, ಅದೇ ಶಿಲ್ಲಾಂಗಿನಲ್ಲಿ, ಏಷ್ಯಾ ಕಪ್ಪಿನ ಅರ್ಹತಾ ಪಂದ್ಯದಲ್ಲಿ, ಬಾಂಗ್ಲಾದೇಶದೆದುರು ಭಾರತ ಒಂದು ಗೋಲನ್ನೂ ಹೊಡೆಯಲಾರದೆ 0–0ಗೆ ನಿಂತಿತು. ಆಗ ನಮ್ಮ ಬಳಗದ ವಾದವೇನು ಗೊತ್ತೇ? ನಮ್ಮವರಿಗೆ ಚೆಂಡನ್ನು ಯಾರೂ ಸರಿಯಾಗಿ ಕೊಡಲಿಲ್ಲ ಎಂಬುದು.

ಹಿರಿಯ: ಗೆದ್ದಾಗ ಎತ್ತಿನ ಬಲ, ಸೋತಾಗ ನೊಗದ ದೋಷ! ಇರಲಿ, ನಾನೂ ಅದೇ ಜಾತಿಯವನು. ಒಂದು ಮಾತು ಕೇಳುತ್ತೇನೆ. ನಮ್ಮವರು ನಮ್ಮವರು ಎನ್ನುತ್ತೀಯಲ್ಲ, ಇವರಲ್ಲಿ ನಮ್ಮ ನಾಡಿನ ನೀರು ಕುಡಿದು ಬೆಳೆದವರೆಷ್ಟು ಜನ?

ಕಿರಿಯ: ನಾನು ಹೆಸರಿಸಿದವರಲ್ಲಿ ಒಬ್ಬರೂ ಇಲ್ಲ. ಛೆಟ್ರಿಯವರು ಸಿಕಂದರಾಬಾದಿನಲ್ಲಿ ಹುಟ್ಟಿದವರು, ಭೇಕೆ ಮುಂಬಯಿಯವನು, ಗೋಲು ಕಾಯುವ ಗುರುಪ್ರೀತ್ ಸಿಂಗ್ ಸಂಧು ಪಂಜಾಬದವನು. ಆತ ನಾರ್ವೆ ದೇಶದ ಸ್ಟಾಬೆಕ್ ಕ್ಲಬ್ಬಿನಲ್ಲಿ ಇದ್ದು, 2017ರಲ್ಲಿ ನಮ್ಮಲ್ಲಿಗೆ ಬಂದವನು.

ಹಿರಿಯ: ತಪ್ಪೆಂದು ಕೇಳಲಿಲ್ಲ. ಈ ಎತ್ತನ್ನೂ ನಾನು ಹಾವೇರಿಯ ದನದ ಸಂತೆಯಲ್ಲಿ ಹಲ್ಲು ನೋಡಿ ತಂದವನೇ. ನನ್ನ ಕೊಟ್ಟಿಗೆಯಲ್ಲಿ ಹುಟ್ಟಿದ್ದಲ್ಲ; ಆದರೆ ಐದು ವರ್ಷ ನನ್ನ ಕಣಿಕಿ ತಿಂದಿದೆ, ಕಾರಹುಣ್ಣಿಮೆಗೆ ನನ್ನ ಕೈಯಿಂದ ಕೋಡಿಗೆ ಬಣ್ಣ ಹಚ್ಚಿಸಿಕೊಂಡಿದೆ. ಮಮಕಾರ ಹುಟ್ಟಿನಿಂದಲೇ ಬರಬೇಕೆಂದಿಲ್ಲ, ನಿತ್ಯ ನೋಡುವುದರಿಂದಲೂ ಬರುತ್ತದೆ. ನನಗೆ ತಿಳಿಯಬೇಕಾದದ್ದು ಬೇರೆ: ಮಮಕಾರದ ಕಣ್ಣು ಹೆಚ್ಚು ಕಾಣುತ್ತದೆಯೋ, ಕಡಿಮೆ ಕಾಣುತ್ತದೆಯೋ?

ಕಿರಿಯ: ಅದಕ್ಕೆ ಗುರುಪ್ರೀತನ ಕತೆಯನ್ನೇ ಹೇಳಬೇಕು. 2018ರ ಅಕ್ಟೋಬರ್ 13ರಂದು ಭಾರತ ತಂಡ ಚೀನದ ಸುಝೌ ನಗರದಲ್ಲಿ ಸೌಹಾರ್ದ ಪಂದ್ಯ ಆಡಿತು. ಎರಡು ದೇಶಗಳ ತಂಡಗಳು ಎದುರುಬದುರಾದದ್ದು ಇಪ್ಪತ್ತೊಂದು ವರ್ಷಗಳ ಮೇಲೆ. ಇಟಲಿಗೆ 2006ರಲ್ಲಿ ವಿಶ್ವಕಪ್ ತಂದುಕೊಟ್ಟ ಮಾರ್ಚೆಲ್ಲೊ ಲಿಪ್ಪಿ ಚೀನದ ತರಬೇತುದಾರರು. ಅವರ ದಾಳಿ ಒಂದರ ಹಿಂದೊಂದು ಬಂದರೂ ಗುರುಪ್ರೀತನು ಚೆಂಡನ್ನು ಒಳಗೆ ಬಿಡಲಿಲ್ಲ, ಪಂದ್ಯ 0–0. ನಮ್ಮ ಬಳಗಕ್ಕೆ ಅಂದು ಆಕಾಶ ಮೂರೇ ಗೇಣು. ಅದಾದ ಐದು ವಾರಕ್ಕೆ, ನವೆಂಬರ್ 17ರಂದು, ಜೋರ್ಡಾನಿನ ಅಮ್ಮಾನಿನಲ್ಲಿ ಇನ್ನೊಂದು ಸೌಹಾರ್ದ ಪಂದ್ಯ. ಅತ್ತಣ ಗೋಲ್‌ಕೀಪರ್ ಆಮಿರ್ ಶಫಿ ತನ್ನ ಗೋಲಿನ ಮುಂದಿನಿಂದ ಒದ್ದ ಚೆಂಡು, ಮೈದಾನದ ಉದ್ದವನ್ನೆಲ್ಲ ಹಾರಿಬಂದು, ನೆಲಕ್ಕೆ ಬಡಿದು ಪುಟಿದು, ಮುಂದೆ ಬಂದು ನಿಂತಿದ್ದ ನಮ್ಮ ಗುರುಪ್ರೀತನ ತಲೆಯ ಮೇಲಿಂದ ದಾಟಿ ಗೋಲಿನೊಳಕ್ಕೆ ಉರುಳಿತು. ಗೋಲು ಕಾಯುವವನೇ ಗೋಲು ಕಾಯುವವನಿಗೆ ಗೋಲು ಹೊಡೆದದ್ದು!

ಹಿರಿಯ: ಅಯ್ಯೋ ಪಾಪ.

ಕಿರಿಯ: ಪಾಪ ಎಂದವರು ಕಡಿಮೆ. ಆ ಕೆಲವೇ ಕ್ಷಣಗಳ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿ, ಉಳಿದ ಎಂಬತ್ತೊಂಬತ್ತು ನಿಮಿಷಗಳನ್ನು ನುಂಗಿಬಿಟ್ಟಿತು. ಕುವೈತಿನಲ್ಲಿ ಸುರಿದ ಮಳೆಯಿಂದ ವಿಮಾನಗಳು ಅಸ್ತವ್ಯಸ್ತವಾಗಿ, ತಂಡದ ಒಂದು ಭಾಗ ನಿಲ್ದಾಣದಲ್ಲೇ ಸಿಕ್ಕಿಕೊಂಡು, ತಡವಾಗಿ ಅಮ್ಮಾನನ್ನು ಸೇರಿದ ಸಂಗತಿ ಯಾರಿಗೂ ಬೇಕಾಗಿರಲಿಲ್ಲ. ಕಣಕಾಲಿನ ಗಾಯದಿಂದ ಛೆಟ್ರಿಯವರು ಹೋಗಿರಲೇ ಇಲ್ಲ ಎಂಬುದೂ ನೆನಪಾಗಲಿಲ್ಲ. ಭಾರತ 1–2ರಿಂದ ಸೋತಿತು. ಆ ಒಂದು ಗೋಲು ಯಾರದೆಂದರೆ, ಅಂದೇ ದೇಶಕ್ಕಾಗಿ ಮೊದಲ ಪಂದ್ಯವಾಡಿದ ನಿಶು ಕುಮಾರನದು. ಅವನೂ ನಮ್ಮ ಕ್ಲಬ್ಬಿನವನೇ! ಒಂದೇ ಸಂಜೆಯಲ್ಲಿ ನಮ್ಮವನೊಬ್ಬನಿಂದ ತಲೆತಗ್ಗಿಸಿ, ಇನ್ನೊಬ್ಬನಿಂದ ತಲೆಯೆತ್ತಿದೆವು. ಕೆಲವರಂತೂ ಗುರುಪ್ರೀತನನ್ನು ಕ್ಲಬ್ಬಿನ ಗೋಲಿನಿಂದಲೇ ತೆಗೆಯಬೇಕೆಂದರು.

ಹಿರಿಯ: ತೆಗೆದರೇ?

ಕಿರಿಯ: ಇಲ್ಲ. ಮುಂದಿನ ಮಾರ್ಚ್ 17ರಂದು ನಾವು ಗೋವಾ ತಂಡವನ್ನು 1–0ರಿಂದ ಸೋಲಿಸಿ ಇಂಡಿಯನ್ ಸೂಪರ್ ಲೀಗನ್ನು ಗೆದ್ದಾಗ ಗೋಲಿನಲ್ಲಿ ನಿಂತವನು ಅವನೇ. ಅದೇ 2019ರ ಸೆಪ್ಟೆಂಬರ್ 10ರಂದು, ವಿಶ್ವಕಪ್ಪಿನ ಅರ್ಹತಾ ಪಂದ್ಯದಲ್ಲಿ, ಆಗಷ್ಟೇ ಏಷ್ಯಾದ ಚಾಂಪಿಯನ್ನರಾಗಿದ್ದ ಕತಾರಿಗಳ ನೆಲದಲ್ಲೇ ಅವರನ್ನು 0–0ಗೆ ತಡೆದು ನಿಲ್ಲಿಸಿದಾಗ ಭಾರತದ ನಾಯಕನೂ ಅವನೇ, ಅಂದಿನ ಆಟದ ಜೀವವೂ ಅವನೇ.

ಹಿರಿಯ: ಹಾಗಿದ್ದಮೇಲೆ ಅಮ್ಮಾನಿನ ಪಂದ್ಯ ಅವನ ಬಗ್ಗೆ ಏನೂ ಹೇಳಲಿಲ್ಲವೆನ್ನುತ್ತೀಯೇನು?

ಕಿರಿಯ: ಇಲ್ಲ ಕಾಕಾ, ಇಲ್ಲಿಯೇ ನನ್ನ ತಕರಾರು. ನಮ್ಮವನಾದ ಗೋಲ್‌ಕೀಪರ್ ಎಲ್ಲಿ ನಿಲ್ಲುತ್ತಾನೆ, ಚೆಂಡು ದೂರವಿರುವಾಗ ಎಷ್ಟು ಮುಂದೆ ಬರುತ್ತಾನೆ, ಯಾವ ಕೈ ಮೊದಲು ಚಾಚುತ್ತಾನೆ ಎಂಬುದನ್ನು ವಾರವಾರವೂ ಪಡುವಣ ಕಟ್ಟೆಯಿಂದ ನೋಡಿದವರು ನಾವು. ಇಡೀ ದೇಶ ಚೆಂಡನ್ನು ನೋಡುವಾಗ ನಾವು ಚೆಂಡಿಲ್ಲದೆಡೆ ಅವನ ಪಾದಗಳನ್ನು ನೋಡುತ್ತೇವೆ. ಮಮಕಾರದ ಕಣ್ಣು ಕಡಿಮೆ ಕಾಣುತ್ತದೆಂದು ನಾನು ಒಪ್ಪಲಾರೆ.

ಹಿರಿಯ: ಒಪ್ಪಬೇಡ, ನಾನೂ ಒಪ್ಪಲಾರೆ. ಈ ಎತ್ತಿನ ಎಡ ಮುಂಗಾಲಿನ ಗೊರಸಿನಲ್ಲಿ ಹೋದ ಬೇಸಿಗೆಯಲ್ಲಿ ಸೀಳು ಬಿಟ್ಟಿತ್ತೆಂಬುದು ಈ ಊರಿನಲ್ಲಿ ನನ್ನೊಬ್ಬನಿಗೇ ಗೊತ್ತು. ಅದು ಆ ಕಾಲನ್ನು ಊರುವಾಗ ಕೂದಲೆಳೆಯಷ್ಟು ತಡೆಯುವುದು ನನ್ನ ಕಣ್ಣಿಗೆ ಬಿದ್ದಷ್ಟು ಇನ್ನಾರ ಕಣ್ಣಿಗೂ ಬೀಳದು. ಆದರೆ ನ್ಯಾಯಸ್ಥಾನದಲ್ಲಿ ನೀನು ಕಂಡಿರಬಹುದು: ಎಲ್ಲವನ್ನೂ ಬಲ್ಲ ನೆಂಟನನ್ನು ಸಾಕ್ಷಿಯ ಕಟಕಟೆಗೆ ಕರೆಯುತ್ತಾರೆಯೇ ಹೊರತು ತೀರ್ಪಿನ ಪೀಠಕ್ಕೆ ಕರೆಯುವುದಿಲ್ಲ. ನಿಮ್ಮ ಬಳಗದವರು ಸಾಕ್ಷಿ ನುಡಿದಷ್ಟು ಹೊತ್ತು ನಿಮ್ಮ ಮಾತಿಗೆ ಬೆಲೆಯುಂಟು. ಆ ಮಾತು ಮುಗಿಯುವ ಮೊದಲೇ ಎದ್ದುಹೋಗಿ ಪೀಠದ ಮೇಲೆ ಕುಳಿತುಬಿಡುತ್ತೀರಿ.

ಕಿರಿಯ: ಪೀಠದ ಮೇಲೆ ಕುಳಿತವರಾದರೂ ನಿರ್ಮಮರೇ? 2025ರ ಮಾರ್ಚಿನ ಮಾತನ್ನೇ ತೆಗೆದುಕೊಳ್ಳಿ. ಆಗ ಭಾರತದ ತರಬೇತುದಾರರಾಗಿದ್ದ ಮನೋಲೊ ಮಾರ್ಕೆಸ್ ಎಂಬ ಸ್ಪೇನಿನವರು, ಅದೇ ಹೊತ್ತಿನಲ್ಲಿ ಎಫ್‌ಸಿ ಗೋವಾದ ತರಬೇತುದಾರರೂ ಆಗಿದ್ದರು. ಮಾರ್ಚಿನಲ್ಲಿ ನಮ್ಮ ಛೆಟ್ರಿಯವರನ್ನು ದೇಶಕ್ಕಾಗಿ ಹೂಡಿದವರು, ಏಪ್ರಿಲಿನಲ್ಲಿ ಲೀಗಿನ ಉಪಾಂತ್ಯದಲ್ಲಿ ನಮ್ಮೆದುರಿಗೇ ಬಂದು ನಿಂತರು. ಮೊದಲನೆಯ ಪಂದ್ಯವನ್ನು ನಾವು 2–0ರಿಂದ ಗೆದ್ದಿದ್ದರೂ, ಗೋವಾದಲ್ಲಿ ಅವರು ಎರಡು ಗೋಲು ಹೊಡೆದು ಲೆಕ್ಕ ಸಮಮಾಡಿದರು. ಕೊನೆಯ ಗಳಿಗೆಯಲ್ಲಿ ಚೆಂಡಿಗೆ ತಲೆಕೊಟ್ಟು ಅವರ ದಾರಿಯನ್ನು ಮುಚ್ಚಿದವರು ಅದೇ ಛೆಟ್ರಿಯವರು.

ಹಿರಿಯ: ಭಲೆ! ಮುಯ್ಯಿಗೆ ಒಯ್ದವನ ಬದುವನ್ನೇ ಎತ್ತು ಹಾಯಿತು. ಆದರೆ ಇದರಿಂದ ನಿನ್ನ ವಾದ ಗೆಲ್ಲುವುದಿಲ್ಲ, ತಮ್ಮಾ. ಬರುವ ತಿಂಗಳು ತನ್ನನ್ನೇ ಹಾಯುವ ಎತ್ತೆಂದು ಅರಿತೂ ಆ ಮನುಷ್ಯನು ನೊಗಕ್ಕೆ ಕಟ್ಟಿದನಲ್ಲ! ಅದಿರಲಿ, ಪರರ ಹೊಲದಲ್ಲಿ ಕಾಲು ಮುರಿದರೆ ಹೊಣೆ ಯಾರದು? ನಮ್ಮಲ್ಲಿ ಅದಕ್ಕೆ ಕಾಗದಪತ್ರವಿಲ್ಲ. ಇವನ ಹೊಲದಲ್ಲಿ ನನ್ನದು ಕುಂಟಿದರೆ, ಗುಣವಾಗುವ ತನಕ ಇವನ ಎತ್ತು ನನ್ನ ಕೊಟ್ಟಿಗೆಯಲ್ಲಿ ನಿಲ್ಲಬೇಕು, ಅಷ್ಟೇ.

ಕಿರಿಯ: ಅಲ್ಲಿ ಕಾಗದಪತ್ರವುಂಟು. ಗೊತ್ತಾದ ದಿನಗಳಲ್ಲಿ ದೇಶ ಕರೆದರೆ ಕ್ಲಬ್ಬು ಆಟಗಾರನನ್ನು ಬಿಟ್ಟುಕೊಡಲೇಬೇಕು; ಅಲ್ಲಿ ಗಾಯಗೊಂಡು 28 ದಿನಗಳಿಗಿಂತ ಹೆಚ್ಚು ಕಾಲ ಆಟ ತಪ್ಪಿದರೆ, ಒಂದು ಮಿತಿಯವರೆಗೆ ಅವನ ಸಂಬಳವನ್ನು ಫಿಫಾ ತುಂಬಿಕೊಡುವ ವ್ಯವಸ್ಥೆ 2012ರಿಂದ ಇದೆ. ಸಂಬಳ ಬರುತ್ತದೆ, ತಪ್ಪಿದ ಪಂದ್ಯಗಳು ಬರುವುದಿಲ್ಲ. ಅದಕ್ಕೇ ಅಭಿಮಾನಿಯ ಕಣ್ಣು ಕಾಲಿನ ಮೇಲೆ.

ಹಿರಿಯ: ನ್ಯಾಯವೇ. ಆದರೂ ನನಗೊಂದು ಸಂಶಯ. ಹಿಂದಿನ ಕಾಲದ ಬೆಂಗಳೂರಿನವರು ಯಾರನ್ನು ನಮ್ಮವರೆಂದು ನೋಡಿದರು? ಆಗ ಈ ಕ್ಲಬ್ಬು ಇರಲಿಲ್ಲವಷ್ಟೆ.

ಕಿರಿಯ: ಇರಲಿಲ್ಲ, ಆದರೆ 1937ರಲ್ಲಿ, ಮತ್ತೆ 1938ರಲ್ಲಿ, ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಬೆಂಗಳೂರು ಮುಸ್ಲಿಂಸ್ ಎಂಬ ತಂಡವಿತ್ತು. ಬೆಂಗಳೂರಿನ ಮಗನಾದ ಅಹಮದ್ ಖಾನರು ಕಲಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಪಂಚಪಾಂಡವರೆಂದು ಹೆಸರಾದ ಐವರು ಆಟಗಾರರಲ್ಲಿ ಒಬ್ಬರಾದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತ ಯುಗೊಸ್ಲಾವಿಯದ ಕೈಯಲ್ಲಿ 1–10ರಿಂದ ಸೋತಿತು. ಆ ಒಂದು ಗೋಲು ಅಹಮದ್ ಖಾನರದು.

ಹಿರಿಯ: ಹತ್ತರ ಎದುರಿಗೆ ಒಂದು! ಬೆಂಗಳೂರಿನವನು ನಮ್ಮೂರವನೆಂದೂ ಕಲಕತ್ತೆಯವನು ನಮ್ಮ ಕ್ಲಬ್ಬಿನವನೆಂದೂ ಆ ಒಂದನ್ನು ಇಬ್ಬರೂ ಎತ್ತಿಕೊಂಡಿರಬೇಕು. ಆ ಹತ್ತನ್ನು ಎತ್ತಿಕೊಂಡವರು ಯಾರು? ನನ್ನ ಎತ್ತು ಚೆನ್ನಾಗಿ ಎಳೆಯಿತು, ಬಿತ್ತಿಗೆ ಮಾತ್ರ ಕೆಟ್ಟಿತು ಎಂದು ನಾನು ನಾಳೆ ಕಟ್ಟೆಯ ಮೇಲೆ ಹೇಳಿದರೆ ಜನ ನಗಲಾರರೇ? ಎತ್ತು ಒಂಟಿಯಾಗಿ ಬಿತ್ತುವುದಿಲ್ಲ. ಅದು ಚೆನ್ನಾಗಿ ನಡೆಯಿತೋ ಇಲ್ಲವೋ ಎಂಬುದನ್ನು ಅದರ ಕಾಲು ಹೇಳಲಾರದು, ಜೋಡಿ ಹಿಡಿದ ಸಾಲು ಹೇಳಬೇಕು. ಅದರಲ್ಲಿಯೂ ಜೋಡಿ ಹೊಸದಾಗಿದ್ದರೆ, ಮೊದಲ ದಿನದ ಸಾಲು ಎತ್ತಿನ ಗುಣಕ್ಕಿಂತ ಹೊಂದಾಣಿಕೆಯ ಗುಣವನ್ನೇ ಹೆಚ್ಚು ಹೇಳುತ್ತದೆ. ವಾರವೆಲ್ಲ ಬೇರೆ ಬೇರೆ ಕೊಟ್ಟಿಗೆಗಳಲ್ಲಿ ಮೇಯ್ದ ಹನ್ನೊಂದು ಎತ್ತುಗಳನ್ನು ಮೂರು ದಿನ ಒಂದೆಡೆ ಕಟ್ಟಿ ಹೂಡುವ ನಿಮ್ಮ ಸೌಹಾರ್ದ ಪಂದ್ಯ ಇದಕ್ಕಿಂತ ಬೇರೆಯೇನಲ್ಲ.

ಕಿರಿಯ: ಹಾಗಾದರೆ ಏನು ಮಾಡಬೇಕು ಕಾಕಾ? ನಮ್ಮವನನ್ನು ನೋಡದಿರುವುದಂತೂ ನನ್ನಿಂದಾಗದು.

ಹಿರಿಯ: ನೋಡು. ಆದರೆ ಅವನ ಪಕ್ಕದವನನ್ನೂ ನೋಡು. ನಿನ್ನ ಭೇಕೆಯ ಮಗ್ಗುಲಿಗೆ ನಿಂತವನು ಯಾವ ಕ್ಲಬ್ಬಿನವನಾದರೂ ಆಗಲಿ, ಅವನ ಹೆಜ್ಜೆ ಉದ್ದವೋ ಗಿಡ್ಡವೋ ಎಂದು ಅರಿಯದೆ ಭೇಕೆಯ ಹೆಜ್ಜೆಯ ಮಾತಾಡಬೇಡ. ಉಪದೇಶ ಸುಲಭವೆಂದು ನನಗೂ ಗೊತ್ತು. ಇಡೀ ಸಂಜೆ ನಾನು ಏನು ನೋಡಿದೆನೆಂಬುದನ್ನು ನೀನು ಕಂಡೇ ಇದ್ದೀ.

ಹೊತ್ತು ಮುಳುಗುತ್ತ ಬಂದಿತ್ತು. ಅತ್ತಣ ಹೊಲದಲ್ಲಿ ಕೂರಿಗೆ ನಿಂತು, ನೊಗ ಇಳಿದು, ಆ ಹೊಲದ ಒಡೆಯನು ಎತ್ತಿನ ಹಗ್ಗ ಹಿಡಿದು ಬದುವಿನ ಕಡೆಗೆ ಬಂದನು. ಹಿರಿಯರು ಎದ್ದು ಹೋಗಿ, ಮಾತಿಗಿಂತ ಮೊದಲೇ ಎತ್ತಿನ ಹೆಗಲನ್ನು ಸವರಿ, ಬಗ್ಗಿ ಎಡ ಮುಂಗಾಲನ್ನು ಎತ್ತಿ, ಗೊರಸಿಗೆ ಮೆತ್ತಿದ್ದ ಎರೆಮಣ್ಣನ್ನು ಹೆಬ್ಬೆರಳಿನಿಂದ ಬಿಡಿಸಿ ನೋಡಿದರು. ಸೀಳು ಬಿಟ್ಟಿರಲಿಲ್ಲ.

“ಮಾಸ್ತರ, ಒಂದು ಮಾತು ಹೇಳತೀನ್ರಿ,” ಎಂದನು ಬಂದವನು. “ನಿಮ್ಮ ಎತ್ತನ್ನ ಬಲಕ್ಕ ಯಾಕ ಹೂಡತೀರಿ? ಎರಡು ಸಾಲು ಎಳದಾಡಿತು, ಆಮ್ಯಾಲೆ ಎಡಕ್ಕ ದಾರ ಹಿಡದಂಗ ನಡೀತ್ರಿ. ಇದು ಎಡದ ಎತ್ತೇ ಐತಿ.”

ಹಿರಿಯರು ಏನನ್ನೂ ಹೇಳಲಿಲ್ಲ. ಐದು ವರ್ಷ ಆ ಎತ್ತಿನ ಪ್ರತಿಯೊಂದು ಹೆಜ್ಜೆಯನ್ನೂ ಬಲ್ಲೆನೆಂದು ನಂಬಿದ್ದವರು, ಹಗ್ಗವನ್ನು ಹುಡುಗನ ಕೈಗೆ ಕೊಟ್ಟು, ಬದುವನ್ನು ಇಳಿದು ಪರರ ಹೊಲದೊಳಕ್ಕೆ ನಾಲ್ಕು ಹೆಜ್ಜೆ ನಡೆದರು. ಮಬ್ಬುಬೆಳಕಿನಲ್ಲಿ ಕಣ್ಣು ಕಿರಿದುಮಾಡಿ, ಅಂದಿನ ದಿನದಲ್ಲಿ ಮೊದಲನೆಯ ಬಾರಿಗೆ, ಸಾಲನ್ನು ನೋಡಿದರು.